ಒಡೆಯರಿಲ್ಲದ ಆಕಾಶದ ಹೊಗೆ

2025ರ ಜೂನ್ 9ರಂದು ಕೇರಳ ಕರಾವಳಿಯಾಚೆ ವಾನ್ ಹೈ 503 ಎಂಬ ಸರಕು ಹಡಗಿಗೆ ಬೆಂಕಿ ಬಿತ್ತು. ಪಾರಾದ 18 ನಾವಿಕರನ್ನು ಮಂಗಳೂರಿಗೆ ತರಲಾಯಿತು, ನಾಲ್ವರು ಕಾಣೆಯಾದರು. ಆ ಕರಿಹೊಗೆಯನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ಆದರೆ ಬೆಂಕಿ ಬೀಳದ ಸಹಸ್ರಾರು ಹಡಗುಗಳು ನಡುಗಡಲಲ್ಲಿ ಪ್ರತಿದಿನ ಉಗುಳುವ ಹೊಗೆ ಎಂದಾದರೂ ಸುದ್ದಿಯಾಗಿದೆಯೇ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ ಕಡಲೇ ಇಲ್ಲ, ನಮಗೇಕೆ ಈ ಉಸಾಬರಿ ಎನ್ನುವವರಿದ್ದಾರೆ. ನೇರ ಗೆರೆ ಎಳೆದರೆ ಹಾನಗಲ್ಲಿನಿಂದ ಅರಬ್ಬಿ ಸಮುದ್ರ ನೂರು ಕಿಲೋಮೀಟರ್ ಕೂಡ ದೂರವಿಲ್ಲ. ನಮ್ಮ ಮುಂಗಾರಿನ ಮೋಡ ಬರುವುದು ಆ ದಿಕ್ಕಿನಿಂದಲೇ. ನಮ್ಮ ಹಿರಿಯರಿಗೆ 1995ರವರೆಗೆ ಮುಂಬಯಿಯಿಂದ ಜಿದ್ದಾಕ್ಕೆ ಹಜ್ಜ್ ಹಡಗಿತ್ತು. ಈಗ ನಾವು ಹಡಗು ಹತ್ತುವುದಿಲ್ಲ, ನಿಜ. ಆದರೆ ಅಡುಗೆಮನೆಯ ತಾಳೆ ಎಣ್ಣೆಯೂ ಹೊಲದ ಪೊಟ್ಯಾಶೂ ಹಡಗಿನಲ್ಲೇ ಬರುತ್ತವೆ. ಆ ಹೊಗೆಯಲ್ಲಿ ನಮ್ಮ ಪಾಲೂ ಇದೆ.

ಒಂದು ಹೋಲಿಕೆಯನ್ನು ಗಮನಿಸಿ. 2020ರ ಏಪ್ರಿಲ್ 1ರಿಂದ ನಮ್ಮ ಬಸ್ಸು ಲಾರಿಗಳ ಡೀಸೆಲ್‌ನಲ್ಲಿ ಗಂಧಕವು ಹತ್ತು ಲಕ್ಷದಲ್ಲಿ ಹತ್ತು ಪಾಲನ್ನು ಮೀರುವಂತಿಲ್ಲ. ಅದೇ ವರ್ಷದ ಜನವರಿ 1ರಿಂದ ಅಂತಾರಾಷ್ಟ್ರೀಯ ಕಡಲ ಸಂಸ್ಥೆಯು ಹಡಗಿನ ಇಂಧನಕ್ಕೂ ಮಿತಿ ಬಿಗಿಗೊಳಿಸಿತು: ಶೇ. 3.5ರಿಂದ ಶೇ. 0.5ಕ್ಕೆ. ದೊಡ್ಡ ಸುಧಾರಣೆಯೇ. ಆದರೂ ಅದು ಹಾನಗಲ್ ಬಸ್ ನಿಲ್ದಾಣದ ಡೀಸೆಲ್‌ಗಿಂತ ಐನೂರು ಪಟ್ಟು! ಅದಕ್ಕೆ ಮುಂಚೆ ಮೂರೂವರೆ ಸಾವಿರ ಪಟ್ಟು ಇತ್ತು. ತೈಲ ಶುದ್ಧೀಕರಣದಲ್ಲಿ ತಳಕ್ಕುಳಿಯುವ ಗಟ್ಟಿ ಕೊಳೆಯೇ ಹಡಗುಗಳ ಆಹಾರವಾಗಿತ್ತು. ಅದರ ಹೊಗೆಯನ್ನು ಮೊದಲು ಉಸಿರಾಡುವವರು ಬಡ ದೇಶಗಳಿಂದ ದುಡಿಮೆಗೆ ಹೋದ ನಾವಿಕರು.

ಕಾನೂನು ಬಂದೊಡನೆ ಉಪಾಯವೂ ಬಂತು. ಅಗ್ಗದ ಎಣ್ಣೆಯನ್ನೇ ಸುಡುತ್ತ, ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆದು, ಆ ಕೊಳೆನೀರನ್ನು ಸಮುದ್ರಕ್ಕೇ ಬಿಡುವ ಸ್ಕ್ರಬ್ಬರ್ ಯಂತ್ರಗಳನ್ನು ಅನೇಕ ಹಡಗುಗಳಿಗೆ ಅಳವಡಿಸಲಾಯಿತು. ನಿಯಮವು ಇದಕ್ಕೆ ಅವಕಾಶ ಕೊಡುತ್ತದೆ. ಗಾಳಿಯ ಪಾಪ ನೀರಿನ ಖಾತೆಗೆ!

ಇಷ್ಟಕ್ಕೂ ಕೇಳುವವರು ಯಾರು? ನಡುಗಡಲಲ್ಲಿ ಹಡಗಿನ ಮೇಲೆ ಮೊದಲ ಅಧಿಕಾರ ಅದರ ಧ್ವಜದ ದೇಶದ್ದು. ಒಡೆಯ ಒಂದು ದೇಶದವನು, ನೋಂದಣಿ ಪನಾಮಾ ಅಥವಾ ಲೈಬೀರಿಯಾದಲ್ಲಿ.

ಗಂಧಕದ ಕಣಗಳು ಮೋಡಗಳನ್ನು ಬೆಳ್ಳಗಾಗಿಸಿ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತಿದ್ದವು. ಅವು ಕಡಿಮೆಯಾದುದರಿಂದ ಕಡಲು ಹೆಚ್ಚು ಕಾಯುತ್ತಿದೆ ಎಂಬ ವಾದವಿದೆ. ವಿಜ್ಞಾನಿಗಳು ಇದನ್ನು ಹಗುರವಾಗಿ ಕಾಣುತ್ತಿಲ್ಲ, ನಾವೂ ಕಾಣುವುದಿಲ್ಲ. ಆದರೆ ಜ್ವರವನ್ನು ಮುಚ್ಚಿಡಲು ವಿಷ ಕುಡಿಸುತ್ತಲೇ ಇರಬೇಕೇ? ಕಡಿಮೆಯಾಗಬೇಕಾದುದು ಇಂಗಾಲವೂ ಹೌದು. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 3ರಷ್ಟು ಹಡಗುಗಳದ್ದು.

ಅದಕ್ಕೆ ದರ ಕಟ್ಟುವ ಒಪ್ಪಂದವು 2025ರ ಅಕ್ಟೋಬರ್ 17ರಂದು ಲಂಡನ್‌ನಲ್ಲಿ ಅಂಗೀಕಾರವಾಗಬೇಕಿತ್ತು. ಅಮೆರಿಕವು ಬೆಂಬಲಿಸುವ ದೇಶಗಳಿಗೆ ಬೆದರಿಕೆ ಹಾಕಿತು. ಒಂದು ವರ್ಷ ಮುಂದೂಡುವ ಸೂಚನೆ ಮಂಡಿಸಿದ್ದು ಸೌದಿ ಅರೇಬಿಯಾ. ಪರ 57, ವಿರುದ್ಧ 49. ಅಮೆರಿಕದ ದಬ್ಬಾಳಿಕೆಯನ್ನು ಖಂಡಿಸುವ ನಮ್ಮ ಲೇಖನಿ ಸೌದಿಯ ಹೆಸರು ಬಂದಾಗ ಒಣಗಬಾರದು. ತೈಲದ ಲಾಭ ಯಾರದೇ ಆಗಿರಲಿ, ಅದು ಲಾಭವೇ.

ಹಾನಗಲ್, ಹಿರೇಕೆರೂರುಗಳು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ, ಶಿಗ್ಗಾಂವಿ, ಸವಣೂರುಗಳು ಧಾರವಾಡಕ್ಕೆ. ಇಬ್ಬರು ಸಂಸದರು ಮತ ಕೇಳಲು ನಮ್ಮ ಓಣಿಗಳಿಗೆ ಬರುತ್ತಾರೆ. ಲಂಡನ್‌ನ ಆ ಸಭೆಯಲ್ಲಿ ನಮ್ಮ ದೇಶ ಯಾರ ಪರವಾಗಿ ಕೈಯೆತ್ತುತ್ತದೆ ಎಂದು ಅವರನ್ನು ಕೇಳಲು ಕಡಲತೀರದಲ್ಲೇ ವಾಸವಿರಬೇಕೆಂದೇನೂ ಇಲ್ಲ.