ಗಟ್ಟಿ ದನಿಯವರೇ ಲೀಡರ್ ಆಗಬೇಕೇ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದು ‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ನೋಡಿದ ಮೇಲೆ. ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟವಿದು. ಒಬ್ಬರು ಡಂಜನ್ ಮಾಸ್ಟರ್. ಗುಹೆ, ಊರು, ರಾಕ್ಷಸರು ಎಲ್ಲ ಅವರ ಕೈಯಲ್ಲಿ. ಉಳಿದವರದು ಒಂದೊಂದು ಪಾತ್ರ: ಯೋಧ, ಮಂತ್ರವಾದಿ, ಕಳ್ಳ, ಗಾಯ ವಾಸಿ ಮಾಡುವ ಕ್ಲೆರಿಕ್. ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಆಗುತ್ತದೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ಈ ತಂಡಕ್ಕೆ ‘ಪಾರ್ಟಿ’ ಎಂದು ಹೆಸರು. ಚುನಾವಣೆಯ ಪಾರ್ಟಿಯಲ್ಲಿರುವ ತಲೆನೋವೇ ಇಲ್ಲೂ ಇದೆ: ಲೀಡರ್ ಯಾರು?

ಬೆಂಗಳೂರಿನ ಪಿ.ಜಿ. ಕೋಣೆಯೊಂದರಲ್ಲಿ ನಾವು ಆರು ಜನ ಎರಡು ವರ್ಷಗಳಿಂದ ಭಾನುವಾರ ಮಧ್ಯಾಹ್ನ ಆಡುತ್ತಿದ್ದೇವೆ. ಈಗಿನ ನಿಯಮಗಳಲ್ಲಿ ಲೀಡರ್ ಎಂಬ ಹುದ್ದೆಯೇ ಇಲ್ಲ, ಎಲ್ಲರೂ ಸಮಾನರು. ಕೇಳಲು ಚಂದ. ಮುಚ್ಚಿದ ಬಾಗಿಲೊಂದು ಎದುರಾದಾಗ ಇದರ ಕಷ್ಟ ಗೊತ್ತಾಗುತ್ತದೆ. ಒದೆಯೋಣವೇ, ಕಿವಿಗೊಟ್ಟು ಕೇಳೋಣವೇ, ವಾಪಸ್ ಹೋಗೋಣವೇ ಎಂದು ಒಮ್ಮೆ ಮುಕ್ಕಾಲು ಗಂಟೆ ಚರ್ಚಿಸಿದ್ದೆವು. ಒಳಗಿದ್ದದ್ದು ಎರಡು ಖಾಲಿ ಪೀಪಾಯಿ.

ಹುದ್ದೆ ಖಾಲಿ ಬಿದ್ದಿದ್ದರೆ ಗಟ್ಟಿ ದನಿಯವರು ಬಂದು ಕೂರುತ್ತಾರೆ. ನಮ್ಮಲ್ಲೊಬ್ಬ ಗೆಳೆಯನಿಗೆ ನಿಯಮಗಳೆಲ್ಲ ಬಾಯಿಪಾಠ. ಯಾರದೇ ಸರದಿ ಬರಲಿ, ‘ನೀನು ಹಿಂದೆ ಸರಿ, ನೀನು ಫೈರ್‌ಬಾಲ್ ಹಾಕು’ ಎಂದು ಅವನೇ ಹೇಳುತ್ತಿದ್ದ. ಹೇಳಿದ್ದು ಹೆಚ್ಚಾಗಿ ಸರಿಯೇ ಇರುತ್ತಿತ್ತು, ಕಾಳಗ ಗೆಲ್ಲುತ್ತಿದ್ದೆವು. ಆದರೆ ಮಂತ್ರವಾದಿಯ ಪಾತ್ರದ ಗೆಳತಿ ದಾಳ ಉರುಳಿಸುವುದಕ್ಕಷ್ಟೇ ಮೊಬೈಲಿನಿಂದ ತಲೆ ಎತ್ತತೊಡಗಿದಳು. ಒಂದು ವಾರ ‘ಅಸೈನ್‌ಮೆಂಟ್ ಇದೆ’ ಎಂದಳು. ಮುಂದಿನ ವಾರವೂ ಅಸೈನ್‌ಮೆಂಟ್!

‘ಹಾಗಾದರೆ ಡಂಜನ್ ಮಾಸ್ಟರೇ ಮುನ್ನಡೆಸಲಿ’ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ರಾಕ್ಷಸನನ್ನು ಆಡಿಸುವವರೇ ಅವನನ್ನು ಹೊಡೆಯುವ ದಾರಿಯನ್ನೂ ಹೇಳಿಕೊಟ್ಟರೆ ನಾವು ಕೂತಿರುವುದು ಯಾಕೆ?

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಈ ಆಟವನ್ನು ತಂದದ್ದು 1974ರಲ್ಲಿ. ಹಳೆಯ ನಿಯಮಗಳಲ್ಲಿ ಇದಕ್ಕೊಂದು ಉಪಾಯವಿತ್ತು. 1981ರ ಬೇಸಿಕ್ ಪುಸ್ತಕ, ಪಾರ್ಟಿಯಲ್ಲಿ ಒಬ್ಬರನ್ನು ‘ಕಾಲರ್’ ಆಗಿ ಆರಿಸಿಕೊಳ್ಳಿ ಎನ್ನುತ್ತದೆ. ಅಂಗಿಯ ಕಾಲರ್ ಅಲ್ಲ, ಕೂಗಿ ಹೇಳುವವರು. ಪಾರ್ಟಿ ಏನು ಮಾಡಲಿದೆ ಎಂದು ಮಾಸ್ಟರ್‌ಗೆ ತಿಳಿಸುವುದು ಅವರ ಕೆಲಸ. ಉಳಿದವರ ಇಷ್ಟವನ್ನು ಸರಿಯಾಗಿ ಮುಟ್ಟಿಸುವುದು ಅವರ ಹೊಣೆ. 2008ರ ನಾಲ್ಕನೇ ಆವೃತ್ತಿಯಂತೂ ‘ಲೀಡರ್’ ಎಂಬ ಪದವನ್ನೇ ಬಳಸಿತು. ಅದು ಸಿಕ್ಕಿದ್ದು ಕ್ಲೆರಿಕ್ ಮತ್ತು ವಾರ್‌ಲಾರ್ಡ್‌ನಂಥ ಪಾತ್ರಗಳಿಗೆ, ಅಂದರೆ ಬಿದ್ದವರನ್ನು ಎಬ್ಬಿಸುವ, ಪಕ್ಕದವರ ಏಟಿಗೆ ಬಲ ತುಂಬುವವರಿಗೆ. ಈ ಪಾತ್ರ ಮಾಡುವವರೇ ಪಾರ್ಟಿಗೆ ಅಪ್ಪಣೆ ಕೊಡಬೇಕೆಂದೇನಿಲ್ಲ ಎಂದೂ ಪುಸ್ತಕ ಸ್ಪಷ್ಟಪಡಿಸಿತ್ತು.

ದಸರಾ ರಜೆ ಕಳೆದ ಮೇಲೆ ನಾವೂ ವಾರಕ್ಕೊಬ್ಬರನ್ನು ಕಾಲರ್ ಮಾಡಿದೆವು. ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೇಳಿದ ಮೇಲೆಯೇ ಕಾಲರ್ ಬಾಯಿ ತೆರೆಯಬೇಕು. ಸರದಿಯವರು ಕೇಳದೆ ಬೇರೆಯವರು ಸಲಹೆ ಕೊಡುವಂತಿಲ್ಲ. ಸುಲಭವಾಗಲಿಲ್ಲ. ಯೋಜನೆ ಕೆಟ್ಟರೆ ‘ನೀನೇ ಹೇಳಿದ್ದು’ ಎಂಬ ಮಾತು ಕಾದಿರುತ್ತದೆ. ಅದಕ್ಕೇ ಯಾರಿಗೂ ಈ ಕೆಲಸ ಬೇಡ. ಆ ಗೆಳತಿ ಕಾಲರ್ ಆದ ದಿನ ಕಿರಿದಾದ ಸುರಂಗಕ್ಕೆ ನುಗ್ಗಿ ಎರಡು ಪಾತ್ರಗಳನ್ನು ಕಳೆದುಕೊಂಡೆವು. ಯೋಧನ ಪಾತ್ರದವನು ವಾರವಿಡೀ ಮುನಿಸಿಕೊಂಡಿದ್ದ, ಭಾನುವಾರ ಹೊಸ ಪಾತ್ರ ಬರೆದುಕೊಂಡು ಬಂದ. ಅವಳೂ ಬಂದಳು. ನಿಯಮ ಬಾಯಿಪಾಠವಿರುವ ಗೆಳೆಯ ಈಗ ತುಟಿ ಕಚ್ಚಿಕೊಂಡು ಕೂರುತ್ತಾನೆ. ‘ಸುಮ್ನಿರೋದು ಡ್ರ್ಯಾಗನ್ ಹೊಡೆಯೋದಕ್ಕಿಂತ ಕಷ್ಟ ಮಗಾ’ ಅನ್ನುತ್ತಾನೆ.

ಆಟಕ್ಕೇಕೆ ಇಷ್ಟೆಲ್ಲ ಎಂದು ಕೇಳಬಹುದು. ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುವ ನಮಗೆ ಗ್ರೂಪ್ ಡಿಸ್ಕಷನ್‌ಗೆಂದು ಹೇಳಿಕೊಟ್ಟ ಮೊದಲ ಪಾಠ, ಎಲ್ಲರಿಗಿಂತ ಮೊದಲು ನೀನು ಮಾತಾಡು ಎಂಬುದು. ಹದಿನೈದು ನಿಮಿಷಕ್ಕೆ ಎದ್ದು ಹೋಗುವ ಅಪರಿಚಿತರ ನಡುವೆ ಅದು ನಡೆದೀತು. ಅದೇ ಮುಖಗಳು ಮುಂದಿನ ವಾರವೂ ಬರಬೇಕಾದ ಕಡೆ, ಅಂದರೆ ಪ್ರಾಜೆಕ್ಟ್ ತಂಡದಲ್ಲೋ ನಾಳೆ ಸೇರುವ ಆಫೀಸಿನಲ್ಲೋ, ಅದು ಎಷ್ಟು ದಿನ ನಡೆದೀತು? ಸುಮ್ಮನೆ ಕೂತವರನ್ನು ಮಾತಿಗೆಳೆದವರಿಗೂ ಅಂಕ ಕೊಡುವಂತಿದ್ದರೆ ಚೆನ್ನಿತ್ತು.

ಅಂದಹಾಗೆ, ಪ್ರತಿ ಗುರುವಾರ ವಾಟ್ಸ್ಆ್ಯಪ್‌ನಲ್ಲಿ ಎಲ್ಲರ ಬಿಡುವು ಕೇಳಿ, ಉತ್ತರಿಸದವರಿಗೆ ಫೋನ್ ಮಾಡಿ, ಚುರುಮುರಿ ಖರ್ಚು ಹಂಚಿ ಹಾಕುವವನೊಬ್ಬ ನಮ್ಮಲ್ಲಿದ್ದಾನೆ. ಅವನನ್ನು ಯಾರೂ ಲೀಡರ್ ಎಂದು ಕರೆದದ್ದಿಲ್ಲ. ಆಟದಲ್ಲಿ ಅವನದು ಕಳ್ಳನ ಪಾತ್ರ. ಕಳೆದ ತಿಂಗಳು ಅವನು ಊರಿಗೆ ಹೋಗಿದ್ದಾಗ ಎರಡು ಭಾನುವಾರ ಆಟವೇ ನಡೆಯಲಿಲ್ಲ.