ಟ್ಯೂಬ್ ಎಲ್‌ಇಡಿ ಆಯ್ತು, ಒಳಗಿನ ಚೋಕ್ ಏನಾಯ್ತು?

ತಿಪಟೂರು: ಸಂಜೆ ದೀಪ ಹಚ್ಚೋ ಹೊತ್ತಿಗೆ ಪೇಟೆ ಬೀದಿಯಲ್ಲಿ ಒಂದು ಸುತ್ತು ಬನ್ನಿ. ಹೊಸ ಅಂಗಡಿಗಳಲ್ಲಿ ಸ್ವಿಚ್ ಒತ್ತಿದ ತಕ್ಷಣ ಬೆಳಕು. ಹಳೇ ಅಂಗಡಿಗಳಲ್ಲಿ ಮಾತ್ರ ಟ್ಯೂಬ್‌ಲೈಟ್ ಎರಡು ಮೂರು ಸಲ ಕಣ್ಣು ಮಿಟುಕಿಸಿ, ಗುಂಯ್ ಅಂತ ಸದ್ದು ಮಾಡಿ, ಆಮೇಲೆ ಹತ್ತುತ್ತೆ. ಇವುಗಳಿಗೆ ಉಳಿದಿರೋ ಕಾಲ ಕಮ್ಮಿ. ಪಾದರಸದ ಬಳಕೆ ತಗ್ಗಿಸೋ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲೇ ಸೇರಿದೆ. ಆ ಒಪ್ಪಂದದ ದೇಶಗಳು 2023ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸಭೆ ಸೇರಿ, ಫ್ಲೋರೊಸೆಂಟ್ ಟ್ಯೂಬ್‌ಗಳ ತಯಾರಿಕೆ, ಆಮದು, ರಫ್ತನ್ನು 2027ರೊಳಗೆ ನಿಲ್ಲಿಸಬೇಕು ಅಂತ ತೀರ್ಮಾನಿಸಿವೆ.

ಅಂದ್ರೆ ಇವತ್ತಲ್ಲ ನಾಳೆ ಎಲ್ಲರೂ ಬದಲಿಸಲೇಬೇಕು. ಲಾಭ ಇದೆಯಾ? ಇದೆ. ಆದ್ರೆ ನಮ್ಮ ಕಡೆ ಬದಲಿಸ್ತಿರೋ ರೀತಿ ನೋಡಿದ್ರೆ ಲಾಭ ಅಂಗಡಿಯವರಿಗೆ, ಅಪಾಯ ಬೇರೆಯವರಿಗೆ ಅನ್ನೋ ಹಾಗಿದೆ.

ಮೊದಲು ಲೆಕ್ಕ

ಹಳೇ ನಾಲ್ಕಡಿ ಟ್ಯೂಬ್ 40 ವ್ಯಾಟ್ (ಸಣಕಲು ಟ್ಯೂಬ್ ಆದ್ರೆ 36). ಇದರ ಜೊತೆ ಪಟ್ಟಿಯೊಳಗಿನ ಚೋಕ್ ಬಿಸಿಯಾಗಿ ತಿನ್ನೋ 10-12 ವ್ಯಾಟ್ ಸೇರಿಸಿ. ಒಟ್ಟು ಹತ್ತಿರ ಹತ್ತಿರ 50. ಅದೇ ಅಳತೆಯ ಎಲ್‌ಇಡಿ ಟ್ಯೂಬ್‌ಗೆ 20 ವ್ಯಾಟ್ ಸಾಕು. ಒಂದು ಟ್ಯೂಬ್‌ಗೆ 30 ವ್ಯಾಟ್ ಉಳಿತಾಯ.

ನಾಲ್ಕು ಟ್ಯೂಬ್ ಇರೋ ಅಂಗಡಿ ದಿನಕ್ಕೆ 10 ಗಂಟೆ ದೀಪ ಉರಿಸಿದ್ರೆ ತಿಂಗಳಿಗೆ 36 ಯೂನಿಟ್ ಉಳಿಯುತ್ತೆ. ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದ್ರೆ 288 ರೂಪಾಯಿ. ನಿಮ್ಮ ಬೆಸ್ಕಾಂ ಬಿಲ್‌ನಲ್ಲಿರೋ ದರ ಹಾಕಿ ನೀವೇ ಲೆಕ್ಕ ಮಾಡ್ಕೊಳ್ಳಿ. ಟ್ಯೂಬಿನ ದುಡ್ಡು ಕೆಲವೇ ತಿಂಗಳಲ್ಲಿ ವಾಪಸ್ ಬರುತ್ತೆ. ಆದ್ರೆ ಫಿಕ್ಸೆಡ್ ಚಾರ್ಜ್ ಇಳಿಯಲ್ಲ. ಅದು ಮಂಜೂರಾದ ಲೋಡ್ ಮೇಲೆ ಬೀಳೋದು, ಎಷ್ಟು ಉರಿಸಿದ್ರಿ ಅನ್ನೋದರ ಮೇಲಲ್ಲ.

ಗೃಹಜ್ಯೋತಿ ಮನೆಗಳಿಗೆ ಮಾತ್ರ, ಅಂಗಡಿ ಮೀಟರ್‌ಗೆ ಇಲ್ಲ. ಹಾಗಾಗಿ ವ್ಯಾಪಾರಿಗಳಿಗೆ ಉಳಿದ ಪ್ರತಿ ಯೂನಿಟ್ಟೂ ನೇರ ಉಳಿತಾಯ. ಮನೆಯವರಿಗೂ ಉಪಯೋಗ ಇಲ್ಲದಿಲ್ಲ. 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಆ ಅಂಚಿನಲ್ಲಿರೋರಿಗೆ ಎರಡು ಟ್ಯೂಬ್ ಬದಲಿಸಿದ್ರೂ ವ್ಯತ್ಯಾಸ ಆಗುತ್ತೆ.

ಎಡವೋದು ಎಲ್ಲಿ?

ಎಲ್‌ಇಡಿ ಟ್ಯೂಬ್ ಅಂದ್ರೆ ಎಲ್ಲಾ ಒಂದೇ ಅಲ್ಲ. ಕೆಲವು ಹಳೇ ಚೋಕ್ ಇದ್ದ ಹಾಗೇ ಹತ್ತುತ್ತವೆ, ಸ್ಟಾರ್ಟರ್ ಜಾಗಕ್ಕೆ ಮಾತ್ರ ಜೊತೆಗೆ ಕೊಟ್ಟಿರೋ ಬೇರೆ ತುಂಡು ಹಾಕಬೇಕು. ಕೆಲಸ ಸುಲಭ. ಆದ್ರೆ ಚೋಕ್ ಸ್ವಲ್ಪ ಕರೆಂಟ್ ತಿನ್ನುತ್ತಲೇ ಇರುತ್ತೆ, ಅದು ಸುಟ್ಟ ದಿನ ಎಲ್‌ಇಡಿಯೂ ಹತ್ತಲ್ಲ.

ಇನ್ನು ಕೆಲವಕ್ಕೆ ಚೋಕ್, ಸ್ಟಾರ್ಟರ್ ಎರಡನ್ನೂ ತೆಗೆದು ನೇರವಾಗಿ 230 ವೋಲ್ಟ್ ಕೊಡಬೇಕು. ಇದರಲ್ಲೂ ಎರಡು ಬಗೆ: ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಗೆ ಕೊಡೋದು, ಒಂದು ತುದಿಗೆ ಫೇಸ್, ಇನ್ನೊಂದಕ್ಕೆ ನ್ಯೂಟ್ರಲ್ ಕೊಡೋದು. ಅಪಾಯ ಇರೋದೇ ಇಲ್ಲಿ. ಒಂದೇ ತುದಿಗೆ ವೈರಿಂಗ್ ಮಾಡಿರೋ ಪಟ್ಟಿಗೆ ನಾಳೆ ಯಾರೋ ಗೊತ್ತಿಲ್ದೆ ಹಳೇ ಟ್ಯೂಬ್ ಸಿಕ್ಕಿಸಿದ್ರೆ ಅದರ ಫಿಲಮೆಂಟ್ ಮೇಲೆ ಪೂರ್ತಿ 230 ವೋಲ್ಟ್ ಬೀಳುತ್ತೆ. ಬೇರೆ ಬಗೆಯ ಎಲ್‌ಇಡಿ ಹಾಕಿದ್ರೆ ಶಾರ್ಟ್ ಆಗಬಹುದು. ಎರಡು ತುದಿಗೆ ಕೊಟ್ಟಿರೋ ಪಟ್ಟಿಯಲ್ಲಿ ಕರೆಂಟ್ ಇದ್ದಾಗಲೇ ಒಂದು ತುದಿ ಸಿಕ್ಕಿಸಿದ್ರೆ, ಕೈಯಲ್ಲಿರೋ ಇನ್ನೊಂದು ತುದಿಯ ಪಿನ್ನಿಗೂ ಕರೆಂಟ್ ಬರಬಹುದು.

ಹೊರಗಿಂದ ನೋಡಿದ್ರೆ ಪಟ್ಟಿ ಅದೇ. ಒಳಗೇನಾಗಿದೆ ಅಂತ ಸ್ಟೂಲ್ ಹತ್ತೋ ಕೆಲಸದ ಹುಡುಗನಿಗೆ ಗೊತ್ತಾಗೋದು ಹೇಗೆ? ಆದ್ರಿಂದ ಕರೆಂಟಿನ ಕೆಲಸ ಗೊತ್ತಿರೋರಿಂದ ಮೇನ್ ಆಫ್ ಮಾಡಿಸಿಯೇ ಕೆಲಸ ಮಾಡ್ಸಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು. ಹಳೇ ಕಟ್ಟಡಗಳಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಇರೋದೂ ಉಂಟು. ಸ್ವಿಚ್ ಆಫ್ ಆದ್ರೂ ಎಲ್‌ಇಡಿ ಮಂಕಾಗಿ ಉರೀತಿದ್ರೆ ಮೊದಲು ಅದನ್ನೇ ನೋಡ್ಸಿ. ಕೆಲಸ ಮುಗಿದ ಮೇಲೆ "ಇದಕ್ಕೆ ಎಲ್‌ಇಡಿ ಮಾತ್ರ, ಕರೆಂಟ್ ಈ ತುದಿಗೆ" ಅಂತ ಬರೆದು ಪಟ್ಟಿ ಮೇಲೆ ಚೀಟಿ ಅಂಟಿಸಿ. ಹೋಲ್ಡರ್ ಸಡಿಲ ಆಗಿದ್ರೆ, ಪಟ್ಟಿ ತುಕ್ಕು ಹಿಡಿದಿದ್ರೆ ರಿಪೇರಿ ಮಾಡಿಸೋದು ಬಿಟ್ಟು ಪೂರ್ತಿ ಎಲ್‌ಇಡಿ ಪಟ್ಟಿಯನ್ನೇ ಹಾಕ್ಸೋದು ವಾಸಿ. ತಗೊಳ್ಳುವಾಗ ಬಿಲ್, ವಾರಂಟಿ ಕೇಳಿ ಪಡೀರಿ.

ಹಳೇ ಟ್ಯೂಬ್ ಯಾರ ತಲೆಗೆ?

ಬಿಚ್ಚಿದ ಚೋಕ್‌ಗೆ ಗುಜರಿಯಲ್ಲಿ ಬೆಲೆ ಇದೆ, ಒಳಗೆ ತಂತಿ, ಕಬ್ಬಿಣ ಇರುತ್ತೆ. ತಗಡಿನ ಪಟ್ಟಿಗೂ ಬೆಲೆ ಇದೆ. ಟ್ಯೂಬ್‌ಗೆ ಮಾತ್ರ ಇಲ್ಲ. ಹಾಗಾಗಿ ಅದು ಹೋಗೋದು ಅಂಗಡಿ ಹಿಂದಿನ ಚರಂಡಿಗೆ, ಇಲ್ಲಾ ಖಾಲಿ ಸೈಟಿಗೆ.

ಪ್ರತಿ ಟ್ಯೂಬಿನೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತೆ. ಒಂದು ಒಡೆದ ಮಾತ್ರಕ್ಕೆ ಗಾಬರಿ ಬೇಡ. ಆದ್ರೆ ಇಡೀ ಪೇಟೆ ಒಟ್ಟಿಗೆ ಬದಲಿಸೋ ಕಾಲದಲ್ಲಿ ಈ ಗಾಜನ್ನ ದಿನವೂ ಬರಿಗೈಯಲ್ಲಿ ಎತ್ತೋರು ಪೌರಕಾರ್ಮಿಕರು. ಆವಿ ಕುಡಿಯೋರೂ ಅವರೇ. ಕರೆಂಟ್ ಬಿಲ್ ಉಳಿಸಿದ್ದು ನಾವು.

ನಿಯಮ ಇಲ್ಲ ಅಂತೇನಿಲ್ಲ. 2016ರ ಘನತ್ಯಾಜ್ಯ ನಿಯಮದಲ್ಲೇ ಟ್ಯೂಬ್‌ಲೈಟನ್ನ ಮನೆಯ ಅಪಾಯಕಾರಿ ಕಸ ಅಂತ ಗುರುತಿಸಿ, ಅದನ್ನ ಬೇರೆಯಾಗಿ ಪಡೆಯೋ ಕೇಂದ್ರ ಮಾಡೋ ಕೆಲಸವನ್ನ ಸ್ಥಳೀಯ ಸಂಸ್ಥೆಗಳಿಗೆ ವಹಿಸಿತ್ತು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದ ಪಟ್ಟಿಯಲ್ಲೂ ಪಾದರಸದ ದೀಪಗಳಿವೆ. ತಯಾರಕರ ಹೊಣೆಯೂ ಅದರಲ್ಲಿದೆ.

ಸದ್ಯಕ್ಕೆ ನಾವು ಮಾಡಬಹುದಾದ್ದು ಇಷ್ಟು. ಬಿಚ್ಚಿದ ಟ್ಯೂಬನ್ನ ಒಡೆಯದೆ ಹೊಸ ಟ್ಯೂಬ್ ಬಂದ ಡಬ್ಬದಲ್ಲೇ ಇಟ್ಟು, ಕಸದ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಡಿ. ಒಡೆದ್ರೆ ಬಾಗಿಲು ತೆಗೆದು ಹದಿನೈದು ನಿಮಿಷ ಹೊರಗಿರಿ. ಪೊರಕೆಯಲ್ಲಿ ಗುಡಿಸದೆ ರಟ್ಟಿನಿಂದ ಎತ್ತಿ, ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ. ವರ್ತಕರೆಲ್ಲ ಸೇರಿ ತಿಂಗಳಿಗೊಂದು ದಿನ ಗೊತ್ತು ಮಾಡಿ, ಅವತ್ತು ಹಳೇ ಟ್ಯೂಬ್ ಒಟ್ಟಿಗೆ ತಗೊಂಡು ಹೋಗಿ ಅಂತ ನಗರಸಭೆಗೆ ಅರ್ಜಿ ಕೊಟ್ರೆ ಇನ್ನೂ ಒಳ್ಳೇದು. ಒಬ್ಬೊಬ್ಬರೇ ಕೇಳಿದ್ರೆ ಆಗದ ಕೆಲಸ, ಇಡೀ ಬೀದಿ ಕೇಳಿದ್ರೆ ಆಗುತ್ತೆ.