ಗಾಡಿ ಹೋದರೆ ಇನ್ನೊಂದು ಬರುತ್ತದೆ, ಹಳಿಯ ಜಾಗ ಹೋದರೆ?

ಹಳೆಯ ಲೋಕಲ್ ಗಾಡಿಗಳ ನೆನಪು ತೆಗೆದರೆ ಮುಂಬಯಿ ಕನ್ನಡಿಗರ ಮಾತು ಬೇಗ ಮುಗಿಯುವುದಿಲ್ಲ. ಡೊಂಬಿವಲಿಯಿಂದಲೋ ಬೊರಿವಲಿಯಿಂದಲೋ ದಿನವೂ ಅದೇ ಹೊತ್ತಿಗೆ ಅದೇ ಡಬ್ಬಾ ಹತ್ತಿ, ಮೂವರು ಕೂರುವ ಸೀಟಿನ ತುದಿಗೆ ನಾಲ್ಕನೆಯವರಾಗಿ ಅರ್ಧ ಕೂತು ಅರ್ಧ ನಿಂತು ಆಯುಸ್ಸು ಸವೆಸಿದವರು ಅವರು. ಹೋಟೆಲಿನ ಪಾಳಿ, ರಾತ್ರಿ ಶಾಲೆ, ಬ್ಯಾಂಕಿನ ನೌಕರಿ ಎಲ್ಲವೂ ಆ ಗಾಡಿಗಳ ವೇಳೆಗೆ ಕಟ್ಟುಬಿದ್ದಿದ್ದವು. ಆ ಗಾಡಿಗಳು ಈಗಿಲ್ಲ ಎಂಬ ಬೇಸರವನ್ನು ಬರಿಯ ಹಳಹಳಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಈ ಬೇಸರದಲ್ಲಿ ಎರಡು ಬಗೆಯ ನಷ್ಟಗಳು ಕಲೆತುಕೊಂಡಿವೆ. ಗಾಡಿ ಬದಲಾಗುವುದು ಒಂದು, ಮಾರ್ಗವೇ ಅಳಿಸಿಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಮರುಗಿದರೆ ಸಾಕು. ಎರಡನೆಯದಕ್ಕೆ, ಅದು ಆಗುವ ಮೊದಲೇ ಗಲಾಟೆ ಮಾಡಬೇಕು.

ಗಾಡಿಯ ಮಾತು ಮೊದಲು. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರುವರಿ 3ರಂದು ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಹಾರ್ಬರ್ ಮಾರ್ಗದಲ್ಲಿ ಕುರ್ಲಾಕ್ಕೆ ಓಡಿತು. ತಂತಿಯಲ್ಲಿದ್ದದ್ದು 1,500 ವೋಲ್ಟಿನ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ನಿಂತ ಮೋಟರಿಗೆ ಅಷ್ಟೂ ವಿದ್ಯುತ್ತನ್ನು ಒಮ್ಮೆಲೇ ಕೊಟ್ಟರೆ ಅದರ ಸುರುಳಿ ಸುಟ್ಟುಹೋಗುತ್ತದೆ. ಆದ್ದರಿಂದ ದಾರಿಯಲ್ಲಿ ಕೆಲವು ರೋಧಕಗಳನ್ನು ಅಡ್ಡವಿಟ್ಟು, ಗಾಡಿ ಓಟ ಹಿಡಿದಂತೆ ಅವನ್ನು ಒಂದೊಂದಾಗಿ ಕಳಚುತ್ತಿದ್ದರು. ಮೋಟರ್‌ಮನ್ ಹಿಡಿ ತಿರುಗಿಸಿದ ಮೇಲೆ ಡಬ್ಬಾದ ನೆಲದಡಿಯಿಂದ ಟಕ್ ಎಂದು ಸದ್ದು, ಒಂದು ಸಣ್ಣ ಜಗ್ಗು. ಮತ್ತೆ ಟಕ್, ಮತ್ತೆ ಜಗ್ಗು. ಜೊತೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗುಂಯ್‌ಗುಡಿತ. ಬಾಗಿಲ ಕಂಬಕ್ಕೆ ಜೋತುಬಿದ್ದವರ ಕೈಗೆ ಈ ಜಗ್ಗಿನ ಲೆಕ್ಕ ತಾನಾಗಿಯೇ ಗೊತ್ತಿರುತ್ತಿತ್ತು. ಈಗಿನ ಗಾಡಿಗಳಲ್ಲಿ ಈ ಕೆಲಸವನ್ನು ಎಲೆಕ್ಟ್ರಾನಿಕ್ ಉಪಕರಣಗಳು ನುಣ್ಣಗೆ ಮಾಡುತ್ತವೆ. ಹಾಗಾಗಿ ಹಳೆಯ ಸದ್ದು ಹೋಯಿತು.

ಹೋದದ್ದಕ್ಕೆ ಬಲವಾದ ಕಾರಣವಿತ್ತು. ಆ ರೋಧಕಗಳು ಪ್ರತಿ ಸ್ಟೇಷನ್ನಿನಿಂದ ಹೊರಡುವಾಗಲೂ ಒಂದಷ್ಟು ವಿದ್ಯುತ್ತನ್ನು ಸುಮ್ಮನೆ ಶಾಖವಾಗಿ ಕಳೆಯುತ್ತಿದ್ದವು. ಹೊಸ ಗಾಡಿ ಬ್ರೇಕ್ ಹಾಕುವಾಗ ಮೋಟರೇ ಜನರೇಟರ್ ಆಗಿ ವಿದ್ಯುತ್ತನ್ನು ತಂತಿಗೆ ಮರಳಿಸುತ್ತದೆ. ಇನ್ನು ವೋಲ್ಟೇಜಿನ ಪ್ರಶ್ನೆ. ನೀರಿನ ಒತ್ತಡ ಕಡಿಮೆಯಿದ್ದರೆ ಅಷ್ಟೇ ನೀರು ತರಲು ದಪ್ಪ ಪೈಪು ಬೇಕಲ್ಲವೆ, ಹಾಗೆಯೇ 1,500 ವೋಲ್ಟಿನಲ್ಲಿ ಹನ್ನೆರಡು ಡಬ್ಬಾದ ತುಂಬಿದ ಗಾಡಿ ಎಳೆಯಲು ದಪ್ಪ ತಾಮ್ರದ ತಂತಿ ಬೇಕು, ಕೆಲವೇ ಕಿಲೋಮೀಟರಿಗೊಂದು ಸಬ್‌ಸ್ಟೇಷನ್ ಬೇಕು. 25,000 ವೋಲ್ಟಿನ ಎಸಿಯಲ್ಲಿ, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತಿನಲ್ಲಿ, ಅಷ್ಟೇ ಶಕ್ತಿಗೆ ಕರೆಂಟು ಹದಿನಾರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಸಾಕು. ಪಶ್ಚಿಮ ರೈಲ್ವೆ 2012ರಲ್ಲಿ, ಮಧ್ಯ ರೈಲ್ವೆಯ ಮುಖ್ಯ ಮಾರ್ಗ 2015ರಲ್ಲಿ ಪೂರ್ತಿ ಎಸಿಗೆ ಬದಲಾದವು. ಹಾರ್ಬರ್ ಮಾರ್ಗದಲ್ಲಿ 2016ರ ಏಪ್ರಿಲಿನಲ್ಲಿ ಕೊನೆಯ ಡಿಸಿ ಲೋಕಲ್ ಓಡಿತು. ಎಲ್ಲಿ ಶುರುವಾಗಿತ್ತೋ ಆ ಮಾರ್ಗದಲ್ಲೇ ಮುಗಿಯಿತು. ಅಂಥ ಒಂದು ಗಾಡಿಯನ್ನಾದರೂ ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಗಾಜಿನ ಆಚೆ ನಿಲ್ಲಿಸಿದ ಗಾಡಿ ಆ ಸದ್ದು ಮಾಡುವುದಿಲ್ಲ. ಆದರೆ ದಿನದ ಓಡಾಟಕ್ಕೆ ಅದೇ ಗಾಡಿ ಮರಳಿ ಬರಲಿ ಎಂದು, ಬೇಸಿಗೆಯ ಸಂಜೆ ಅದರೊಳಗೆ ಉಸಿರುಗಟ್ಟಿ ನಿಂತವರು ಯಾರೂ ಕೇಳಲಾರರು.

ಚೆನ್ನೈಯದೂ ಇದೇ ಕಥೆ. ಬೀಚ್ ಸ್ಟೇಷನ್ನಿನಿಂದ ತಾಂಬರಂಗೆ 1931ರಲ್ಲಿ ಶುರುವಾದದ್ದು ದೇಶದ ಮೊದಲ ಮೀಟರ್ ಗೇಜ್ ವಿದ್ಯುತ್ ರೈಲು. ಕಿರಿದಾದ ಮೈಯ ಆ ಗಾಡಿಗಳು 2004ರವರೆಗೆ ಓಡಿದವು. ಅವು ಹೋದ ಮೇಲೂ ಅದೇ ಮಾರ್ಗದಲ್ಲಿ, ಅವೇ ಸ್ಟೇಷನ್ನುಗಳ ನಡುವೆ ಬ್ರಾಡ್ ಗೇಜ್ ಲೋಕಲ್‌ಗಳು ಓಡುತ್ತಿವೆ. ಮಾಂಬಲಂನಲ್ಲಿ ಇಳಿಯುತ್ತಿದ್ದವರು ಈಗಲೂ ಅಲ್ಲೇ ಇಳಿಯುತ್ತಾರೆ.

ಮುಂಬಯಿಯ ದಕ್ಷಿಣ ತುದಿಯ ಕೊಲಾಬಾದಲ್ಲಿ ಮಾತ್ರ ಹೀಗಾಗಲಿಲ್ಲ. ಚರ್ಚ್‌ಗೇಟ್ ಎಂದರೆ ಪಶ್ಚಿಮ ಮಾರ್ಗದ ಕೊನೆ ಎಂದೇ ಇಂದು ಎಲ್ಲರ ತಿಳಿವಳಿಕೆ. ಅದು ಒಂದು ಕಾಲಕ್ಕೆ ನಡುವಿನ ಸ್ಟೇಷನ್ನಾಗಿತ್ತು. ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ 1867ರಲ್ಲಿ ವಿರಾರಿನಿಂದ ಬ್ಯಾಕ್‌ಬೇವರೆಗೆ ದಿನಕ್ಕೊಂದು ಗಾಡಿ ಓಡಿಸಲು ತೊಡಗಿತು. ಆಮೇಲೆ ಹಳಿ ಸಮುದ್ರದ ಅಂಚು ಹಿಡಿದು ದಕ್ಷಿಣಕ್ಕೆ ಕೊಲಾಬಾದವರೆಗೂ ಹೋಯಿತು. ಗುಜರಾತಿನ ಹತ್ತಿ ಕೊಲಾಬಾದ ಹತ್ತಿಪೇಟೆಗೆ ಬಂದು ಬೀಳುತ್ತಿದ್ದ ಕಾಲ ಅದು. 1896ರಲ್ಲಿ ಅಲ್ಲೊಂದು ದೊಡ್ಡ ಟರ್ಮಿನಸ್ ಎದ್ದಿತು. ಕೊಲಾಬಾದಿಂದ ಬೊರಿವಲಿಗೆ ವಿದ್ಯುತ್ ರೈಲು ಬಂದದ್ದು 1928ರ ಜನವರಿಯಲ್ಲಿ.

ಮೂರು ವರ್ಷ ತುಂಬುವಷ್ಟರಲ್ಲಿ ಎಲ್ಲವೂ ಮುಗಿಯಿತು. ಬ್ಯಾಕ್‌ಬೇಯಲ್ಲಿ ಸಮುದ್ರ ತುಂಬಿಸಿ ನೆಲ ಮಾಡುವ ಯೋಜನೆ ನಡೆದಿತ್ತು; ಹೊಸ ನೆಲಕ್ಕೂ ಹಳೆಯ ಊರಿಗೂ ನಡುವೆ ಹಳಿ ಅಡ್ಡವಾಗಿತ್ತು. ದೂರದ ಗಾಡಿಗಳಿಗೆ 1930ರ ಡಿಸೆಂಬರಿನಲ್ಲಿ ಬಾಂಬೆ ಸೆಂಟ್ರಲ್ ಸ್ಟೇಷನ್ ತೆರೆಯಿತು. ಅದೇ ತಿಂಗಳ 31ರಂದು ಕೊಲಾಬಾ ಮುಚ್ಚಿತು, ಲೋಕಲ್‌ಗಳು ಚರ್ಚ್‌ಗೇಟಿಗೇ ನಿಂತವು. ಟರ್ಮಿನಸ್ ಇದ್ದ ಜಾಗದಲ್ಲಿ ಈಗ ಬಧ್ವಾರ್ ಪಾರ್ಕ್ ಎಂಬ ರೈಲ್ವೆ ಅಧಿಕಾರಿಗಳ ವಸತಿಯಿದೆ. ಹತ್ತಿಪೇಟೆಯೂ ಶಿವಡಿಯ ಕಡೆಗೆ ಹೋಯಿತು. ಹಾರ್ಬರ್ ಮಾರ್ಗದ ಕಾಟನ್ ಗ್ರೀನ್ ಸ್ಟೇಷನ್ನಿನ ಹೆಸರಿನಲ್ಲಿ ಅದರ ಗುರುತು ಉಳಿದಿದೆ.

ಅಂದು ಇದು ತಪ್ಪೆಂದು ಅನ್ನಿಸಿರಲಿಕ್ಕಿಲ್ಲ. ಸಮುದ್ರಕ್ಕೆ ಮುಖ ಮಾಡಿದ ನೆಲದ ಬೆಲೆ ಎಲ್ಲರಿಗೂ ಕಾಣುತ್ತಿತ್ತು. ಹಳಿ ಹಾಸಿದ ಉದ್ದನೆಯ ಪಟ್ಟಿಯ ಬೆಲೆ ಕಾಣಲು ಆಚೆ ಕಚೇರಿಗಳು ತುಂಬಬೇಕಿತ್ತು. ತುಂಬಿದವು: ನಾರಿಮನ್ ಪಾಯಿಂಟ್, ಕಫ್ ಪರೇಡ್‌ಗಳು ಎದ್ದು ನಿಂತವು, ವಿಧಾನ ಭವನ, ಮಂತ್ರಾಲಯ ಬಂದವು. ಅಲ್ಲಿ ದುಡಿಯುವವರು ಚರ್ಚ್‌ಗೇಟಿನಲ್ಲಿ ಇಳಿದು ಬಸ್ಸಿಗೋ ಟ್ಯಾಕ್ಸಿಗೋ ಸಾಲು ನಿಂತರು, ಇಲ್ಲವೇ ನಡೆದರು. ಆ ಪ್ರದೇಶಕ್ಕೆ ಮತ್ತೆ ರೈಲು ಬಂದದ್ದು 2025ರ ಅಕ್ಟೋಬರಿನಲ್ಲಿ, ಮೆಟ್ರೋ ಮೂರನೇ ಮಾರ್ಗ ಕಫ್ ಪರೇಡ್ ತಲುಪಿದಾಗ. ಮೇಲೆ ಜಾಗವಿಲ್ಲದ್ದರಿಂದ ಕಟ್ಟಡಗಳ ಅಡಿಯಲ್ಲಿ, ಸಮುದ್ರದ ಮಗ್ಗುಲಲ್ಲಿ ಸುರಂಗ ಕೊರೆಯಬೇಕಾಯಿತು. ಸುಮಾರು 33 ಕಿಲೋಮೀಟರಿನ ಆ ಇಡೀ ಮಾರ್ಗಕ್ಕೆ ತಗುಲಿದ ಖರ್ಚು 37 ಸಾವಿರ ಕೋಟಿ ರೂಪಾಯಿಯ ಆಸುಪಾಸು. ಹಳಿ ಇದ್ದ ನೆಲವನ್ನು ಬಿಟ್ಟುಕೊಟ್ಟ ಊರು ತೊಂಬತ್ತೈದು ವರ್ಷದ ಮೇಲೆ ನೆಲದಡಿಗೆ ಇಳಿಯಿತು.

ಬೆಂಗಳೂರಿನ ಉತ್ತರಕ್ಕೆ ಇದರ ತದ್ವಿರುದ್ಧ ಉದಾಹರಣೆಯಿದೆ. ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಎರಡೂವರೆ ಅಡಿ ಅಗಲದ ಹಳಿ ಬಂತು. ಮುಂದೆ ಚಿಂತಾಮಣಿ, ಶ್ರೀನಿವಾಸಪುರ, ಕೋಲಾರದ ಕಡೆಗೂ ಅದೇ ಚಿಕ್ಕ ಗಾಡಿ. ಯಲಹಂಕ ದಾಟಿ ಹೊಲಗಳ ನಡುವೆ ನಿಧಾನವಾಗಿ ಸಾಗುತ್ತಿದ್ದ ಅದನ್ನು ಹಿರಿಯರು ಈಗಲೂ ಪ್ರೀತಿಯಿಂದ ನೆನೆಯುತ್ತಾರೆ. 1990ರ ದಶಕದಲ್ಲಿ ಚಿಕ್ಕ ಗಾಡಿ ಹೋಯಿತು. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ಎಷ್ಟೋ ವರ್ಷ ಏನೂ ಓಡಲಿಲ್ಲ. ಈ ಮಾರ್ಗ ಮುಗಿದೇಹೋಯಿತು ಎಂದವರೂ ಇದ್ದರು. ಆದರೆ ನೆಲ ರೈಲ್ವೆಯ ಕೈಯಲ್ಲೇ ಇತ್ತು, 2013ರಲ್ಲಿ ಅಲ್ಲಿಗೆ ಬ್ರಾಡ್ ಗೇಜ್ ಬಂತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ಸ್ಟೇಷನ್ ಕಟ್ಟಡಗಳನ್ನು ಪಾರಂಪರಿಕ ಕಟ್ಟಡಗಳ ಉಳಿವಿಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಮುತುವರ್ಜಿಯಿಂದ ದುರಸ್ತಿ ಮಾಡಿಸಿದೆ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣಕ್ಕೆಂದು ಇದೇ ಮಾರ್ಗದಲ್ಲಿ ಒಂದು ಹಾಲ್ಟ್ ತೆರೆಯಿತು. ಬೆಂಗಳೂರು ಉಪನಗರ ರೈಲು ಯೋಜನೆಯಲ್ಲಿ ದೇವನಹಳ್ಳಿಗೆ ಹೋಗಬೇಕಾದ ಸಂಪಿಗೆ ಮಾರ್ಗ ಹಾಕಿಕೊಂಡಿರುವ ದಾರಿಯೂ ಬಹುಪಾಲು ಇದೇ. ಆ ಮಾರ್ಗದ ಕೆಲಸ ಎಷ್ಟು ತಡವಾದರೂ, ಜಾಗ ಹುಡುಕುವ ತೊಂದರೆಯ ದೊಡ್ಡ ಪಾಲನ್ನು ನೂರು ವರ್ಷದ ಹಿಂದಿನ ಆ ಪುಟ್ಟ ಗಾಡಿ ಈಗಾಗಲೇ ತೀರಿಸಿಟ್ಟಿದೆ.